ಹದಿನಾಲ್ಕನೇ ಮನೆಯ ಬುಟ್ಟಿ

ಚನ್ನಗಿರಿಯ ಬೀದಿಗಳಲ್ಲಿ ಮುನ್ಸಿಪಾಲಿಟಿಯವರು ಡಂಗುರ ಸಾರಿಸಿದ ದಿನ ನಗದೇ ಉಳಿದವರು ಯಾರೂ ಇರಲಿಕ್ಕಿಲ್ಲ. ಯುದ್ಧ ಜೋರಾಗಿದ್ದ ಕಾಲ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕು, ಸಕ್ಕರೆಗೆ ಚೀಟಿ ಹಿಡಿಯಬೇಕು, ಕಾಗದವಂತೂ ಕಣ್ಣಿಗೆ ಬೀಳುವುದೇ ಅಪರೂಪ. ಅಂಥದ್ದರಲ್ಲಿ ಸರ್ಕಾರಕ್ಕೆ ನಿಮ್ಮ ಮನೆಯ ಕಸ ಬೇಕಾಗಿದೆ ಎಂದು ತಮಟೆ ಬಡಿದು ಹೇಳಿದರೆ ಜನ ಇನ್ನೇನು ಮಾಡಿಯಾರು? ಊರು ಏನೇನನ್ನು ಬಿಸಾಡುತ್ತದೆ, ಅದರಲ್ಲಿ ಕಬ್ಬಿಣ ಎಷ್ಟು, ಚಿಂದಿ ಎಷ್ಟು, ಗಾಜು, ಮೂಳೆ, ಕಾಗದ ಎಷ್ಟು ಎಂದು ಒಂದು ವರ್ಷ ತೂಗಿ ನೋಡಿ ಬರೆದು ಕಳಿಸಿ ಎಂದು ಮೇಲಿನಿಂದ ಅಪ್ಪಣೆ ಬಂದಿತ್ತು. ನಾಲ್ಕು ಬೀದಿಗಳನ್ನು ಆರಿಸಿದರು, ಬೀದಿಗೊಂದು ದಿನ ಗೊತ್ತು ಮಾಡಿದರು. ಆ ದಿನ ಬೆಳಿಗ್ಗೆ ಮನೆಯವರೂ ಅಂಗಡಿಯವರೂ ವಾರದ ಕಸವನ್ನು ಬುಟ್ಟಿಯಲ್ಲಿ ತುಂಬಿ ಬಾಗಿಲ ಮುಂದೆ ಇಡಬೇಕು. ಸಂಜೆಗೆ ಖಾಲಿ ಬುಟ್ಟಿ ವಾಪಸು ಬರುತ್ತದೆ.

ನಗು ಎರಡೇ ದಿನಕ್ಕೆ ಅಡಗಿತು. ಯಾರೋ ಒಬ್ಬ ತಮ್ಮ ಕಸದಲ್ಲಿ ಕೈಯಾಡಿಸುತ್ತಾನೆ ಎಂಬುದು ತಲೆಗೆ ಹತ್ತಿದ ಮೇಲೆ ಜನರಿಗೆ ಕಸದ ಮೇಲೂ ಮಾನಮರ್ಯಾದೆಯ ಚಿಂತೆ ಶುರುವಾಯಿತು. ದಿನಸಿ ಅಂಗಡಿಯ ಸಾಹುಕಾರರ ಮನೆಯಿಂದ ಮೊದಲ ವಾರ ತುಪ್ಪದ ಡಬ್ಬಿಯೊಂದು ಬಂತು. ಯಾವ ಕಾಲದ ತುಪ್ಪವೋ, ಡಬ್ಬಿಯ ಒಳಗೆಲ್ಲ ತುಕ್ಕು. ಇನ್ನೊಂದು ಮನೆಯವರು ತಾವು ತಿಂದ ಕೋಳಿಯ ಮೂಳೆಯನ್ನು ಪಕ್ಕದ ಮನೆಯ ಬುಟ್ಟಿಗೆ ಸೇರಿಸಿ, ಪಕ್ಕದ ಮನೆಯವರು ಅದನ್ನು ವಾಪಸು ಎಸೆದು, ಇಬ್ಬರ ನಡುವೆ ದೊಡ್ಡ ರಾದ್ಧಾಂತವೇ ಆಯಿತು.

ಹೀಗೆ ಕಸದಲ್ಲಿ ಕೈಯಾಡಿಸಲು ನೇಮಕವಾದವನು ಬಡೇಸಾಬ. ನ್ಯಾಮತಿಯವನು. ನಲವತ್ತೆರಡು ವಯಸ್ಸು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಮಗುವೂ ಉಳಿಯಲಿಲ್ಲ. ಅವನ ಕಸುಬು ಪಾತ್ರೆಗಳಿಗೆ ಕಲಾಯಿ ಹಾಕುವುದು. ತಿದಿಯೂದುತ್ತಾ ಊರೂರು ತಿರುಗುತ್ತಿದ್ದ. ಮರದ ಕೆಳಗೆ ಗುಂಡಿ ತೋಡಿ ಬೆಂಕಿ ಹಾಕಿದನೆಂದರೆ ಬೀದಿಯ ಹೆಂಗಸರೆಲ್ಲ ತಪ್ಪಲೆ, ಹಂಡೆ, ಚರಿಗೆ ತಂದು ಸುತ್ತ ಕೂರುವರು. ತಮ್ಮ ಪಾತ್ರೆಯ ಸರದಿ ಬರುವ ತನಕ ಅತ್ತೆಯ ದೂರು, ಸೊಸೆಯ ದೂರು, ಎಮ್ಮೆಯ ದೂರು. ಎಲ್ಲಕ್ಕೂ ಅವನು ಹೂಂಗುಟ್ಟಬೇಕು. ಆ ಗಲಾಟೆಯಲ್ಲಿ ತನಗೆ ಮನೆಯಿಲ್ಲವೆಂಬುದೂ ಅವನಿಗೆ ಮರೆತುಹೋಗುತ್ತಿತ್ತು. ಜಪಾನಿನವರು ಮಲಾಯ ಹಿಡಿದ ಮೇಲೆ ತವರ ಬರುವುದು ನಿಂತಿತು. ತವರವಿಲ್ಲದೆ ಕಲಾಯಿ ಎಲ್ಲಿಂದ ಬಂತು? ನಾಲ್ಕಕ್ಷರ ಬರೆಯಲು ಬರುತ್ತಿತ್ತು, ಲೋಹದ ಗುರುತು ಹಿಡಿಯಲು ಬರುತ್ತಿತ್ತು. ಮುನ್ಸಿಪಾಲಿಟಿಯ ಗುಮಾಸ್ತ ಜಯಪ್ಪ ಅವನನ್ನು ಕರೆದು ಈ ಕೆಲಸ ಕೊಟ್ಟ.

ಕೊಡುವಾಗ ಒಂದು ಮಾತು ಹೇಳಿದ್ದ. "ನೋಡ್ರಿ ಸಾಬ್ರೇ, ಬುಟ್ಟಿನಾಗೆ ಏನು ಕಂಡ್ರೂ ಪುಸ್ತಕದಾಗೆ ಬರೀಬೇಕು. ಬಾಯಿ ಮಾತ್ರ ಬಿಡಬಾರ್ದು. ಯಾರ ಮನೆ ವಿಷಯ ಯಾರ ಹತ್ರಾನೂ ಆಡಾಂಗಿಲ್ಲ. ಆಡಿದ್ರಿ ಅಂದ್ರೆ ಮಾರನೇ ದಿನ ಒಬ್ರೂ ಬುಟ್ಟಿ ಇಡಲ್ಲ."

ಬಡೇಸಾಬ ಆ ಮಾತನ್ನು ತಾಯಿತದಂತೆ ಕಟ್ಟಿಕೊಂಡ. ಬೋರಣ್ಣ ಎಂಬಾತ ಎತ್ತಿನ ಗಾಡಿಯಲ್ಲಿ ಬುಟ್ಟಿಗಳನ್ನು ಹೇರಿಕೊಂಡು ಬಂದು ಆಫೀಸಿನ ಹಿಂದಿನ ಹೊಂಗೆಮರದ ಕೆಳಗೆ ಇಳಿಸುವನು. ಒಂದೊಂದಕ್ಕೂ ಮನೆಯ ನಂಬರಿನ ತಗಡು ಕಟ್ಟಿರುತ್ತಿತ್ತು. ಬಡೇಸಾಬ ಒಂದೊಂದನ್ನೇ ಗೋಣಿಯ ಮೇಲೆ ಸುರಿದು, ಚಿಂದಿ ಬೇರೆ, ಗಾಜು ಬೇರೆ, ಬೂದಿ ಬೇರೆ ಎಂದು ಬಿಡಿಸಿ, ತಕ್ಕಡಿಗೆ ಹಾಕಿ, ಪುಸ್ತಕದಲ್ಲಿ ಸೇರು, ತೊಲಗಳಲ್ಲಿ ಬರೆಯುವನು. ಎರಡು ತಿಂಗಳಲ್ಲಿ ಊರಿಗೆ ಊರೇ ಅವನಿಗೆ ಬಾಯಿಪಾಠವಾಯಿತು. ದೊಡ್ಡ ಹೋಟೆಲಿನ ಚಹಾ ಚರಟ ಕಸಕ್ಕೆ ಬರುವುದೇ ಇಲ್ಲ, ಅದು ಒಣಗಿ ಸಂತೆಮಾಳದ ಸಣ್ಣ ಹೋಟೆಲಿಗೆ ಹೋಗುತ್ತದೆ. ಅಡಿಕೆ ಮಂಡಿಯವರು ಹರಿದ ಗೋಣಿಯ ದಾರವನ್ನೂ ಬಿಚ್ಚಿಟ್ಟುಕೊಳ್ಳುತ್ತಾರೆ. ಕೋರ್ಟಿನ ಮುಂದೆ ಅರ್ಜಿ ಬರೆಯುವವರು ದಿನಕ್ಕೆ ಎಂಟು ಅರ್ಜಿ ತಪ್ಪು ಬರೆದು ಹರಿಯುತ್ತಾರೆ. ಐದು ಮಕ್ಕಳಿರುವ ಮೇಷ್ಟ್ರ ಮನೆಯ ಬೂದಿ ತಿಂಗಳ ಕೊನೆಗೆ ಬರುತ್ತಾ ಬರುತ್ತಾ ಅರ್ಧಕ್ಕಿಳಿಯುತ್ತದೆ. ಒಲೆ ಎರಡು ಹೊತ್ತಿನ ಬದಲು ಒಂದು ಹೊತ್ತು ಉರಿಯುತ್ತಿದೆ ಎಂದು ಬೇರೆ ಯಾರು ಬಂದು ಹೇಳಬೇಕು?

ಊರು ಹೀಗೆ ಅವನಿಗೆ ಹತ್ತಿರವಾದಷ್ಟೂ ಅವನು ಊರಿಗೆ ದೂರವಾದ. ತಮ್ಮ ಒಳಗುಟ್ಟು ತಿಳಿದವನ ಮುಖ ನೋಡುವುದು ಯಾರಿಗೆ ಬೇಕು? ಹೋಟೆಲಿನಲ್ಲಿ ಅವನ ಲೋಟವನ್ನು ಹೊರಗಿನ ಗೋಡೆಯ ಮೇಲೆ ಇಟ್ಟುಬಿಡುತ್ತಿದ್ದರು. ಮಸೀದಿಯಲ್ಲಿ ಅವನು ಎಷ್ಟೇ ತಿಕ್ಕಿ ತೊಳೆದುಕೊಂಡು ಹೋದರೂ ಪಕ್ಕದವನು ಒಂದು ಗೇಣು ಸರಿದು ಕೂರುವನು. ಹೆಸರಂತೂ ಹೋಗಿಯೇ ಹೋಯಿತು. ಎಲ್ಲರ ಬಾಯಲ್ಲೂ ಅವನು ಕಸದ ಸಾಬ. ಸಂತೆಮಾಳದ ಪಕ್ಕದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಸಂಜೆ ಬಂದು ಬೀಗ ತೆಗೆದರೆ ಬೆಳಿಗ್ಗೆ ತಾನು ಬಿಟ್ಟ ಚರಿಗೆ ಬಿಟ್ಟ ಜಾಗದಲ್ಲೇ ಇರುತ್ತಿತ್ತು. ಎಷ್ಟೋ ದಿನ ಅವನ ಬಾಯಿಂದ ಹೊರಟ ಮಾತೆಂದರೆ ಬೋರಣ್ಣನ ಎತ್ತಿಗೆ ಹೇಳಿದ "ಸರಿ, ಸರಿ" ಒಂದೇ.

ಮಂಗಳವಾರದ ಬೀದಿಯಲ್ಲಿ ಹದಿನಾಲ್ಕನೇ ನಂಬರಿನ ಮನೆ ಗಾದಿ, ದಿಂಬು ಹೊಲಿಯುವ ಸೈದಾಬೀಯದು. ಮನೆಗಳ ಪಟ್ಟಿ ಮಾಡಿದವರು ಕೇಳಿದಾಗ ಆಕೆ ಬರೆಸಿದ್ದು ಹೀಗೆ: ಸೈದಾಬೀ ಕೋಂ ಹುಸೇನ್‌ಸಾಬ, ಗಂಡನಿಗೆ ಲಾರಿಯಲ್ಲಿ ಕೆಲಸ, ಬಂದು ಹೋಗಿ ಮಾಡುತ್ತಾನೆ. ಬುಟ್ಟಿಯೂ ಅದನ್ನೇ ಹೇಳುತ್ತಿತ್ತು. ಹತ್ತಿಯ ಧೂಳು, ದಾರದ ತುಂಡು, ಒಂದೆರಡು ಈರುಳ್ಳಿಯ ಸಿಪ್ಪೆ, ಒಂದು ಬೊಗಸೆ ಬೂದಿ, ಅದರ ಮೇಲೆ ಹತ್ತು ಹನ್ನೆರಡು ಬೀಡಿಯ ಮೋಟು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು, ಒಂದಕ್ಕೆ ಬಿಳಿ. ಎಲ್ಲವೂ ಕಾಲಲ್ಲಿ ತುಳಿದು ಚಪ್ಪಟೆಯಾದವು. ಲಾರಿಯವನಲ್ಲವೇ, ಯಾವ ಊರಿನಲ್ಲಿ ಯಾವ ಬೀಡಿ ಸಿಕ್ಕಿತೋ ಅದನ್ನೇ ಸೇದುತ್ತಾನೆ ಎಂದು ಬಡೇಸಾಬ ತೀರ್ಮಾನಿಸಿದ. ಇಷ್ಟು ಬುದ್ಧಿವಂತನಾಗಿದ್ದವನು ಇನ್ನೊಂದಿಷ್ಟು ಬುದ್ಧಿ ಓಡಿಸಬಾರದಿತ್ತೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಅವನ ಮನಸ್ಸು ಹಿಡಿದು ನಿಲ್ಲಿಸಿದ್ದು ಬೀಡಿಯಲ್ಲ. ಆ ಬುಟ್ಟಿಯಲ್ಲಿ ಒಂದು ಚಿಂದಿಯ ಗಂಟು ಇರುತ್ತಿತ್ತು. ಬಿಚ್ಚಿದರೆ ಮುರಿದ ಸೂಜಿ, ಒಡೆದ ಚಿಮಣಿಯ ಗಾಜು, ಡೊಂಕಾದ ಮೊಳೆ. ಕೈಗೆ ಚುಚ್ಚುವಂಥದ್ದನ್ನೆಲ್ಲ ಪ್ರತ್ಯೇಕವಾಗಿ ಕಟ್ಟಿ, ಗಂಟು ಎದ್ದು ಕಾಣಲೆಂದು ಮೇಲೆ ಕೆಂಪು ದಾರ ಸುತ್ತಿರುತ್ತಿದ್ದಳು. ನಾಲ್ಕು ಬೀದಿಯ ಇನ್ನೂರ ಚಿಲ್ಲರೆ ಬುಟ್ಟಿಗಳಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಅವನ ಬೆರಳುಗಳಲ್ಲಿ ಗಾಯವಿಲ್ಲದ ಜಾಗವೇ ಇರಲಿಲ್ಲ. ಕಸ ಬಿಡಿಸುವವನಿಗೂ ಒಂದು ಕೈ ಇದೆ ಎಂದು ಆ ಊರಿನಲ್ಲಿ ನೆನೆದವಳು ಅವಳೊಬ್ಬಳೇ. ಮೊದಲ ಸಲ ಆ ಗಂಟು ಬಿಚ್ಚಿದಾಗ ಬಡೇಸಾಬನಿಗೆ ಸ್ವಲ್ಪ ಹೊತ್ತು ತಕ್ಕಡಿ ಮುಟ್ಟಲಾಗಲಿಲ್ಲ.

ಅವನು ಏನು ತಾನೆ ಮಾಡಲು ಸಾಧ್ಯ? ಮಾತಾಡುವಂತಿಲ್ಲ. ಅದರ ಮೇಲೆ ಗಂಡನಿರುವ ಹೆಂಗಸು. ಅವಳ ಬುಟ್ಟಿಯ ಅಂಚು ಕಿತ್ತುಹೋಗಿತ್ತು. ಹಳೆಯ ತಂತಿ ಹುಡುಕಿ, ಕಲಾಯಿಯವನ ಕೈಚಳಕವನ್ನೆಲ್ಲ ಖರ್ಚು ಮಾಡಿ, ಅಂಚನ್ನು ಬಿಗಿಯಾಗಿ ಹೆಣೆದ. ಬುಟ್ಟಿಯನ್ನು ತೊಳೆದು ಒಣಗಿಸಿ, ಬೋರಣ್ಣನ ಗಾಡಿಗೆ ಹಾಕದೆ ತಾನೇ ಒಯ್ದು ಅವಳ ಬಾಗಿಲ ಮುಂದೆ ಇಟ್ಟು, ತಲೆ ಬಗ್ಗಿಸಿಕೊಂಡು ಬಂದ. ಮುಂದೆ ಪ್ರತಿ ಮಂಗಳವಾರವೂ ಹಾಗೆಯೇ. ಬಾಗಿಲ ಸಂದಿಯಲ್ಲಿ ಒಂದು ಸೆರಗು ಅಲುಗಾಡಿದಂತೆ ಅವನಿಗೆ ಒಂದೆರಡು ಸಲ ಅನ್ನಿಸಿದ್ದುಂಟು. ಪರರ ಹೆಂಡತಿಯ ಸೆರಗಿನ ಸುದ್ದಿ ತನಗೇಕೆಂದು ಹೆಜ್ಜೆ ಚುರುಕು ಮಾಡಿದ.

ಯುಗಾದಿ ಕಳೆದ ಎರಡನೇ ಮಂಗಳವಾರ ಹದಿನಾಲ್ಕನೇ ಬುಟ್ಟಿ ಸುರಿದವನು ಹಾಗೇ ಕುಳಿತುಬಿಟ್ಟ. ಒಂದೇ ಒಂದು ಬೀಡಿಯ ಮೋಟು ಇರಲಿಲ್ಲ. ಎಂದಿನ ಚಿಂದಿಯ ಗಂಟು ಇತ್ತು. ಬಿಚ್ಚಿದ. ಒಳಗೆ ಹಸಿರು ಗಾಜಿನ ಬಳೆಯ ಚೂರುಗಳು. ಒಂದೆರಡಲ್ಲ, ಎರಡು ಕೈಯದೂ. ಚೂರು ಚೂರು ಹೊಂದಿಸಿ ಎಣಿಸಿದ. ಹನ್ನೆರಡು ಬಳೆ.

ಕಾಲು ಜಾರಿ ಬಿದ್ದರೆ ಒಂದು ಕೈಯ ಬಳೆ ಒಡೆದಾವು. ಎರಡು ಕೈಯ ಬಳೆಯೂ ಒಟ್ಟಿಗೆ ಹೋಗುವುದು ಯಾವಾಗ ಎಂದು ಯಾರಿಗೆ ಗೊತ್ತಿಲ್ಲ? ಲಾರಿಯವನು ತೀರಿಕೊಂಡ. ಯಾವ ಘಾಟಿಯಲ್ಲೋ, ಯಾವ ಊರಿನ ಆಸ್ಪತ್ರೆಯಲ್ಲೋ. ನಾಲ್ಕು ಜನ ಬಂದು ಅಳಲೂ ಇಲ್ಲ, ಒಬ್ಬಳೇ ಕೂತು ಬಳೆ ಒಡೆದುಕೊಂಡು, ಅದರ ಚೂರನ್ನೂ ಬೇರೆಯವರ ಕೈಗೆ ಚುಚ್ಚದಂತೆ ಗಂಟು ಕಟ್ಟಿದ್ದಾಳೆ! ಬಡೇಸಾಬನಿಗೆ ಕಣ್ಣಲ್ಲಿ ನೀರು ಬಂತು. ಮುಂದಿನ ಮಂಗಳವಾರವೂ ಬೀಡಿಯಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಇನ್ನು ಅನುಮಾನವೇ ಉಳಿಯಲಿಲ್ಲ.

ದುಃಖದ ಹಿಂದೆಯೇ ಒಂದು ಆಸೆಯೂ ಬಂತು. ಬಂದದ್ದಕ್ಕೆ ಅವನು ತನ್ನನ್ನು ತಾನೇ ಬೈದುಕೊಂಡ. ಆದರೂ ಅದು ಹೋಗಲಿಲ್ಲ. ತನಗೆ ಯಾರೂ ಇಲ್ಲ, ಅವಳಿಗೂ ಈಗ ಯಾರೂ ಇಲ್ಲ. ಕೇಳಿದರೆ ತಪ್ಪೇನು? ತಪ್ಪಿಲ್ಲ, ಆದರೆ ಈಗಲ್ಲ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ ಇರಬೇಕು. ಅಷ್ಟು ದಿನ ಆಕೆಯ ಮುಂದೆ ನಿಕಾಹದ ಮಾತೆತ್ತುವುದು ಸಲ್ಲದು. ಹೊನ್ನಾಳಿಯಲ್ಲಿ ಅವನ ಅಕ್ಕ ಗಂಡನನ್ನು ಕಳೆದುಕೊಂಡಾಗ, ಎರಡನೇ ತಿಂಗಳಿಗೇ ಯಾರೋ ಸಂಬಂಧದ ಸುದ್ದಿ ತಂದರೆಂದು ಅವಳು ಮೂರು ದಿನ ಅನ್ನ ಬಿಟ್ಟಿದ್ದಳು. ಅದನ್ನು ಕಣ್ಣಾರೆ ಕಂಡವನು ಬಡೇಸಾಬ. ಹದಿನಾಲ್ಕನೇ ಮನೆಯವಳಿಗೆ ಅಂಥ ನೋವು ತನ್ನಿಂದ ಆಗಕೂಡದು ಎಂದು ನಿಶ್ಚಯಿಸಿದ. ಬಳೆಯ ಚೂರು ಬಂದ ಮಂಗಳವಾರದಿಂದ ಹಿಡಿದು ಚಂದ್ರನ ಲೆಕ್ಕದಲ್ಲಿ ದಿನ ಎಣಿಸಿದ. ಆ ದಿನ ಮುಗಿಯುವ ತನಕ ಆ ಬೀದಿಯಲ್ಲಿ ತಲೆಯನ್ನೂ ಎತ್ತಕೂಡದು.

ಎತ್ತಲಿಲ್ಲ. ನೂರಿಪ್ಪತ್ತು ಚಿಲ್ಲರೆ ದಿನ ಆ ಮನುಷ್ಯ ಕಾದ. ಹನ್ನೊಂದು ವರ್ಷ ಹಾಗೇ ಕಳೆದವನಿಗೆ ಈ ನಾಲ್ಕು ತಿಂಗಳು ಕಳೆಯುವುದು ಕಷ್ಟವಾಯಿತು. ಕೋಣೆಗೆ ಸುಣ್ಣ ಹೊಡೆದ. ಎರಡನೇ ತಟ್ಟೆ ತಂದ. ಅದನ್ನು ತಿಕ್ಕಿ ತಿಕ್ಕಿ, ಉಂಡವರೇ ಇಲ್ಲದ ತಟ್ಟೆಯನ್ನು ದಿನಾ ತೊಳೆದಿಡುತ್ತಿದ್ದ.

ಆಷಾಢದಲ್ಲಿ ಒಂದು ಮಂಗಳವಾರ ಬುಟ್ಟಿಯ ಮೇಲುಭಾಗದಲ್ಲೇ ಒಂದು ಜೊತೆ ಕೈಗವಸು ಇತ್ತು. ಗಾದಿಗೆ ಹಾಕುವ ದಪ್ಪ ಪಟ್ಟೆಬಟ್ಟೆಯದು, ಹೆಬ್ಬೆರಳಿಗೆ ಬೇರೆ ಜಾಗ ಬಿಟ್ಟು, ಒಳಗೆ ಹತ್ತಿಯ ತೆಳು ಪದರ ಕೊಟ್ಟು ಹೊಲಿದಿತ್ತು. ಗಂಡಸಿನ ಕೈಯಳತೆ. ಹೊಸದು. ಬಡೇಸಾಬ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಲಾರಿಯ ಬಿಸಿ ಇಂಜಿನ್ನು ಮುಟ್ಟುವ ಗಂಡನಿಗಾಗಿ ಹೊಲಿದಿಟ್ಟದ್ದು, ಪಾಪ. ಹಾಕಿಕೊಳ್ಳುವವನು ಹೋದ ಮೇಲೆ ನೋಡಲಾರದೆ ಬಿಸಾಡಿದ್ದಾಳೆ. ಸತ್ತವನ ವಸ್ತುವನ್ನು ತಾನು ಹಾಕಿಕೊಂಡರೆ ಅವಳ ಕಣ್ಣಿಗೆ ಬಿದ್ದು ಹೊಟ್ಟೆ ಉರಿದೀತೆಂದು, ಒಗೆದು ಮಡಿಸಿ ಜೋಪಾನವಾಗಿ ಎತ್ತಿಟ್ಟ. ಪುಸ್ತಕದಲ್ಲಿ ಬರೆದ: ಚಿಂದಿ, ಒಂಬತ್ತು ತೊಲ. ಸಂಜೆ ಎಂದಿನಂತೆ ಬರಿಗೈಯಲ್ಲಿ, ಗಾಯದ ಬೆರಳುಗಳಲ್ಲಿ ಬುಟ್ಟಿ ಹಿಡಿದು, ತಲೆ ಬಗ್ಗಿಸಿ, ಅವಳ ಬಾಗಿಲಲ್ಲಿ ಇಟ್ಟುಬಂದ.

ಶ್ರಾವಣ ಮುಗಿಯುತ್ತಾ ಬಂತು. ದಿನ ತುಂಬಲು ಎರಡೇ ದಿನ ಬಾಕಿಯಿದ್ದ ಮಂಗಳವಾರ ಹದಿನಾಲ್ಕನೇ ಬುಟ್ಟಿ ಬರಲೇ ಇಲ್ಲ. "ಬಾಗ್ಲಿಗೆ ಬೀಗ ಐತ್ರಿ," ಎಂದ ಬೋರಣ್ಣ. ಬೇರೆ ಯಾರಾದರೂ ಆಗಿದ್ದರೆ ಆಗಲೇ ಓಡಿಹೋಗಿ ವಿಚಾರಿಸುತ್ತಿದ್ದರು. ಇವನು ಮಾತ್ರ ಇನ್ನೆರಡು ದಿನ ಹಲ್ಲು ಕಚ್ಚಿ ಕೂತ. ಕೊನೆಯ ಎರಡು ದಿನಕ್ಕಾಗಿ ನಾಲ್ಕು ತಿಂಗಳ ವ್ರತ ಕೆಡಿಸಬಾರದಂತೆ!

ಶುಕ್ರವಾರ ನಮಾಜು ಮುಗಿಸಿ, ಹೊಸ ಅಂಗಿ ತೊಟ್ಟು, ಕಿವಿಯ ಹಿಂದೆ ಒಂದು ಹನಿ ಅತ್ತರು ಸವರಿಕೊಂಡು ಆ ಬೀದಿಗೆ ಹೋದ. ಬೀಗ ಹಾಗೇ ಇತ್ತು. ಪಕ್ಕದ ಮನೆಯ ಹಫೀಜಾ ಕಟ್ಟೆಯ ಮೇಲೆ ಕೂತು ಬೇಳೆ ಆರಿಸುತ್ತಿದ್ದಳು. ವಯಸ್ಸಾದವಳು, ಸೈದಾಬೀಗೆ ಬಹಳ ಬೇಕಾದವಳು. ಬಡೇಸಾಬ ಆ ಬೀದಿಯಲ್ಲಿ ಮೊದಲ ಸಲ ಬಾಯಿ ಬಿಟ್ಟ.

"ಈ ಮನೆಯವರು ಎಲ್ಲಿಗೆ ಹೋದ್ರು ಖಾಲಾ?"

ಹಫೀಜಾ ಮೊರ ಕೆಳಗಿಟ್ಟು ಅವನ ಅಂಗಿಯಿಂದ ಹಿಡಿದು ಚಪ್ಪಲಿಯ ತನಕ ನೋಡಿದಳು. "ಈಗ ಬಂದ್ರಾ? ಅವ್ರಣ್ಣ ರಸೂಲು ಭಾನುವಾರ ಬಂದು ಜಗಳೂರಿಗೆ ಕರ್ಕಂಡು ಹೋದ. ರಂಜಾನು ಹತ್ರ ಬಂತಲ್ಲ, ಅಷ್ಟ್ರೊಳಗೆ ನಿಕಾಹ ಮುಗಿಸ್ಬೇಕು ಅಂತ. ಬರೋ ಶುಕ್ರವಾರ. ಗಂಡು ಸೊಕ್ಕೆ ಊರೋನು, ಹೊಲ ಐತೆ, ಹೆಂಡ್ತಿ ಸತ್ತೋಗ್ಯಾಳೆ, ಮೂರು ಮಕ್ಳು."

"ಇದ್ದತ್ತು ನಿನ್ನೆ ತಾನೆ ಮುಗೀತಲ್ಲ," ಎಂದುಬಿಟ್ಟ ಬಡೇಸಾಬ.

"ಯಾರ ಇದ್ದತ್ತು?"

"ಇವರದ್ದೇ. ಯುಗಾದಿ ಆದ್ಮೇಲೆ ಗಂಡ ತೀರ್ಕಂಡ್ರಲ್ಲ."

ಹಫೀಜಾ ಬಾಯಿಗೆ ಸೆರಗು ಹಚ್ಚಿದಳು. "ಯಾ ಅಲ್ಲಾ! ಆಕಿ ಗಂಡ ಸತ್ತು ಏಳು ವರ್ಷ ಆತೋ ಮಾರಾಯ. ಜಗಳೂರಾಗೆ ಮಣ್ಣು ಮಾಡೈತೆ. ಇಲ್ಲಿಗೆ ಒಬ್ಳೇ ಬಂದಾಕಿ, ಒಂಟಿ ಹೆಂಗ್ಸು ಅಂತ ಗೊತ್ತಾದ್ರೆ ಜನ ಸುಮ್ನೆ ಬಿಡ್ತಾರಾ ಅಂತ ಗಂಡ ಲಾರಿನಾಗೆ ಅದಾನೆ ಅಂತಿದ್ಲು. ಬಳೆ ಹಾಕ್ಕಂಡಿದ್ಲು. ಕಸ ನೋಡಾಕೆ ಸರ್ಕಾರದೋನು ಬತ್ತಾನೆ ಅಂತ ಡಂಗುರ ಹೊಡುದ್ರಲ್ಲ, ಅವತ್ತಿಂದ ಹೆದ್ರಿಕಂಡು ಬಸ್‌ಸ್ಟ್ಯಾಂಡಿನಾಗೆ ಬೀಡಿ ಮೋಟು ಆರಿಸ್ಕಂಡು ಬಂದು ಬುಟ್ಟಿಗೆ ಹಾಕೋಳು."

ಕೆಂಪು ದಾರ, ಹಸಿರು ದಾರ, ಬಿಳಿ ದಾರ. ಬಡೇಸಾಬನಿಗೆ ಆ ಮೋಟುಗಳೆಲ್ಲ ಕಣ್ಣಮುಂದೆ ಬಂದವು. "ಮತ್ತೆ ಹಾಕೋದು ಯಾಕೆ ಬಿಟ್ರು?" ಎಂದು ಕೇಳಿದ.

"ಯಾಕೆ ಬಿಟ್ಲು ಅಂತ ನನ್ನ ಕೇಳ್ತೀರಲ್ಲ," ಎಂದು ಹಫೀಜಾ ಮೊರ ಎತ್ತಿಕೊಂಡಳು. "ಹೋಗಿ ಆಕಿನ್ನೇ ಕೇಳ್ರಿ."

ಶನಿವಾರ ಬೆಳಿಗ್ಗೆ ಅವನು ಜಯಪ್ಪನಿಗೆ ಹೇಳಿ ರಜಾ ಪಡೆದು ಬಸ್ಸು ಹತ್ತಿದ. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ದಾವಣಗೆರೆ ತಲುಪುವುದರೊಳಗೆ ಮೂರು ಸಲ ನಿಂತಿತು. ಅಲ್ಲಿಂದ ಇನ್ನೊಂದು ಹತ್ತಿ ಜಗಳೂರಿಗೆ ಬಂದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ನಿಕಾಹ ಬರುವ ಶುಕ್ರವಾರ. ಇನ್ನೂ ಆರು ದಿನವಿದೆ. ಆರು ದಿನದಲ್ಲಿ ಒಂದು ಮಾತು ಹೇಳಲಾಗದೇ? ದಾರಿಯುದ್ದಕ್ಕೂ ಆ ಮಾತನ್ನೇ ನಾಲಗೆಯ ಮೇಲೆ ಹೊರಳಿಸುತ್ತಾ ಬಂದಿದ್ದ.

ರಸೂಲನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹತ್ತಿ ಹಿಂಜುವ ಬಿಲ್ಲಿನ ಟೊಂಯ್ ಟೊಂಯ್ ಸದ್ದು ಬೀದಿಯ ತುದಿಗೇ ಕೇಳುತ್ತಿತ್ತು. ಬಾಗಿಲಲ್ಲಿ ನಿಂತು, ಚನ್ನಗಿರಿಯಿಂದ ಬಂದೆ, ಮುನ್ಸಿಪಾಲಿಟಿಯವನು, ಮನೆ ಖಾಲಿ ಮಾಡಿದ ವಿಷಯ ಕೇಳಬೇಕಾಗಿತ್ತು ಎಂದ. ರಸೂಲ್ ಮೈತುಂಬ ಹತ್ತಿ ಅಂಟಿಸಿಕೊಂಡೇ, "ಬರ್ರಿ, ಕೂರ್ರಿ. ಅಂಗಳದಾಗೆ ಅದಾಳೆ, ಕೇಳ್ರಿ," ಎಂದು ಹೇಳಿ ಮತ್ತೆ ಒಳಗೆ ಬಿಲ್ಲಿನ ಮುಂದೆ ಕೂತ.

ಅಂಗಳದಲ್ಲಿ ಸೈದಾಬೀ ಅರ್ಧ ತುಂಬಿದ ಗಾದಿಯ ಬಾಯಿ ಹೊಲಿಯುತ್ತಿದ್ದಳು. ಮೂವತ್ತೈದರ ಆಸುಪಾಸಿನ, ತೆಳ್ಳನೆಯ ಹೆಂಗಸು. ಬಡೇಸಾಬ ಅವಳ ಮುಖ ನೋಡಿದ್ದು ಅದೇ ಮೊದಲು. ಅವಳು ಅವನನ್ನು ನೋಡಿದ್ದು ಮೊದಲಲ್ಲ. ಎದ್ದು ನಿಂತಳು, ಸೆರಗು ಎಳೆದುಕೊಂಡಳು, ಸೂಜಿ ಕೈಯಲ್ಲೇ ಉಳಿಯಿತು.

ಒಳಗೆ ಬಿಲ್ಲು ಮಿಡಿಯುತ್ತಿರುವಷ್ಟು ಹೊತ್ತು ಮಾತಾಡಬಹುದಿತ್ತು. ಅದು ನಿಂತಾಗ ಇಬ್ಬರೂ ನಿಲ್ಲಿಸುತ್ತಿದ್ದರು. ಹಾಗೆ ತುಂಡು ತುಂಡಾಗಿ ಬಡೇಸಾಬ ಎಲ್ಲವನ್ನೂ ಹೇಳಿದ. ಬೀಡಿ ಇಲ್ಲದ ಮಂಗಳವಾರ, ಬಳೆಯ ಚೂರು, ಚಂದ್ರನ ಲೆಕ್ಕ, ನಾಲ್ಕು ತಿಂಗಳು ಹತ್ತು ದಿನ.

ಸೈದಾಬೀ ಮೊದಲು ನಕ್ಕಳು. ಆಮೇಲೆ ಬಾಯಿ ಮುಚ್ಚಿಕೊಂಡಳು.

"ನನಗೆ ಯಾರೂ ಇಲ್ಲ ಅಂತ ನಿಮಗೊಬ್ರಿಗೆ ಗೊತ್ತಾಗ್ಲಿ ಅಂತ ಬೀಡಿ ಮೋಟು ಹಾಕೋದು ಬಿಟ್ಟೆ, ಬಳೆ ಒಡೆದು ಕಟ್ಟಿಟ್ಟೆ," ಎಂದಳು. "ಇಷ್ಟು ಚೆಂದಾಗಿ ಬುಟ್ಟಿ ಹೆಣೆದು ತಂದಿಡೋ ಮನ್ಷ ಕೆಟ್ಟೋನಿರಾಕಿಲ್ಲ, ಇವರ ಮುಂದೆ ಸುಳ್ಳು ಯಾಕೆ ಅನ್ನಿಸ್ತು. ನಾಳೆ ಕೇಳ್ತಾರೆ, ನಾಡಿದ್ದು ಕೇಳ್ತಾರೆ ಅಂತ ಬಾಗಿಲ ಹಿಂದೆ ನಿಂತಿರ್ತಿದ್ದೆ. ನೀವು ಮೊದಲು ಒಂದೀಟಾದ್ರೂ ಬಾಗಿಲ ಕಡೆ ನೋಡ್ತಿದ್ರಿ. ಆಮೇಲೆ ಅದೂ ಇಲ್ಲ."

"ನೋಡಬಾರ್ದು ಅಂತ..."

"ನಿಮ್ಮ ಕೈ ನೋಡ್ಲಾರ್ದೆ ಕೈಗವಸು ಹೊಲಿದು ಹಾಕಿದೆ. ಆರು ವಾರ ನೋಡ್ದೆ. ಒಂದಿನ ಹಾಕ್ಕಂಬರ್ಲಿಲ್ಲ. ನಾನು ಕೊಟ್ಟಿದ್ದು ಬ್ಯಾಡ ಆತು ಇವರಿಗೆ, ನಾನೂ ಬ್ಯಾಡ ಅಂತ ತಿಳ್ಕಂಡೆ. ಅಣ್ಣ ಬಂದು ಕೇಳಿದಾಗ ಹೂಂ ಅಂದೆ."

"ಅದು ನಿಮ್ಮ ಯಜಮಾನ್ರಿಗೆ ಹೊಲಿದಿದ್ದು ಅನ್ಕಂಡೆ," ಎಂದ ಬಡೇಸಾಬ. "ಒಗೆದು ಎತ್ತಿಟ್ಟೀನಿ. ನನ್ನ ಪೆಟ್ಟಿಗೇನಾಗೆ ಐತೆ."

ಬಿಲ್ಲು ನಿಂತಿತು. ರಸೂಲ್ ಕೆಮ್ಮಿದ, ನೀರು ಕುಡಿದ. ಅಂಗಳದಲ್ಲಿ ಇಬ್ಬರೂ ಗಾದಿಯನ್ನು ನೋಡುತ್ತಾ ನಿಂತರು. ಮತ್ತೆ ಟೊಂಯ್ ಎಂದಿತು.

ಬಡೇಸಾಬ ದಾರಿಯುದ್ದಕ್ಕೂ ಹೊತ್ತು ತಂದ ಮಾತನ್ನು ಆಗ ಹೇಳಿದ. "ಈಗ ಕೇಳ್ತೀನಿ. ಇನ್ನೂ ಆರು ದಿನ ಐತೆ. ನಿಮ್ಮಣ್ಣನ ಕಾಲು ಬೇಕಾದ್ರೂ ಹಿಡೀತೀನಿ. ನನ್ನ ಜೊತೆ ಬರ್ರಿ."

ಸೈದಾಬೀ ಗಾದಿಯಿಂದ ಕಣ್ಣೆತ್ತಿದಳು. ಅವಳ ಮುಖದಲ್ಲಿ ಬಂದು ಹೋದದ್ದನ್ನು ನೋಡಿ ಬಡೇಸಾಬನಿಗೆ ಒಂದು ಗಳಿಗೆ, ಒಂದೇ ಒಂದು ಗಳಿಗೆ, ಹೂಂ ಎನ್ನುತ್ತಾಳೆ ಎನ್ನಿಸಿತು.

"ಗುರುವಾರ ಆ ಮಕ್ಕಳನ್ನ ಇಲ್ಲಿಗೆ ಕರ್ಕಂಡು ಬಂದಿದ್ರು," ಎಂದಳು ಅವಳು ನಿಧಾನವಾಗಿ. "ಸಣ್ಣದಕ್ಕೆ ಮೂರು ವರ್ಷ. ತೊಡೆ ಮೇಲೆ ಹತ್ತಿ ಕೂತಿದ್ದು ಸಂಜಿ ತನ್ಕ ಇಳೀಲಿಲ್ಲ. ಹೋಗೋವಾಗ ಗಾಡಿನಾಗೆ ಒಂದೇ ಸಮ ಅಳ್ತಿತ್ತು. ಶುಕ್ರವಾರ ಬತ್ತೀನಿ ಅಂತ ನಾನು ಅದಕ್ಕೆ ಹೇಳೀನಿ." ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. "ದೊಡ್ಡೋರಿಗೆ ಕೊಟ್ಟ ಮಾತಾಗಿದ್ರೆ ಮುರೀತಿದ್ದೆ. ಖರೇ ಹೇಳ್ತೀನಿ, ಮುರೀತಿದ್ದೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದನ್ನೇ ಬಡೇಸಾಬನಿಗೆ ತಡೆದುಕೊಳ್ಳಲಾಗಲಿಲ್ಲ. ಸಿಟ್ಟು ಮಾಡಿಕೊಳ್ಳಲು ಕೂಡ ಒಬ್ಬರಿಲ್ಲ. ಹೊರಡುತ್ತೇನೆಂದು ತಿರುಗಿದ.

ಅಷ್ಟರಲ್ಲಿ ರಸೂಲ್ ಹೊರಗೆ ಬಂದ. "ಎಲ್ಲಿಗೆ ಹೊಂಟ್ರಿ? ದಾವಣಗೆರೆ ಬಸ್ಸು ಬರಾಕೆ ಇನ್ನೂ ಒಂದು ತಾಸೈತೆ. ಅಷ್ಟು ದೂರದಿಂದ ಬಂದು ಹಂಗೇ ಹೋಗ್ತಾರೇನ್ರಿ? ಕೈ ತೊಳ್ಕಳ್ರಿ, ಉಂಡು ಹೋಗೀರಂತೆ."

ಬೇಡವೆಂದರೂ ಬಿಡದೆ ಚಾಪೆ ಹಾಸಿ ಕೂರಿಸಿದ. ತಾನೂ ಪಕ್ಕದಲ್ಲಿ ಕೂತ. ಒಂದು ಗೇಣೂ ಸರಿಯಲಿಲ್ಲ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ. ಅವನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸೈದಾಬೀ ತಟ್ಟೆ ತಂದಿಟ್ಟಳು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಚಿಟಿಕೆ ಶೇಂಗಾ ಚಟ್ನಿ. ರಸೂಲ್ ಮಳೆಯ ಬಗ್ಗೆ, ಹತ್ತಿಯ ಬಗ್ಗೆ, ಯುದ್ಧ ಯಾವಾಗ ಮುಗಿಯುತ್ತದೆ ಎಂಬುದರ ಬಗ್ಗೆ ಮಾತಾಡಿದ. ಬಡೇಸಾಬ ಹೂಂಗುಟ್ಟಿದ. ಇನ್ನೊಬ್ಬರ ಮನೆಯೊಳಗೆ ಕೂತು, ಒಲೆಯ ಸದ್ದು ಕೇಳುತ್ತಾ ಉಂಡು ಎಷ್ಟು ವರ್ಷವಾಯಿತೆಂದು ಅವನಿಗೆ ನೆನಪಾಗಲಿಲ್ಲ.

ನೀರು ತಂದಿಟ್ಟ ಸೈದಾಬೀ ಅಲ್ಲೇ ನಿಂತಳು.

"ನಿಮ್ಮ ಹೆಸ್ರೇನು?" ಎಂದು ಕೇಳಿದಳು. "ಇಷ್ಟು ದಿನ ಆದ್ರೂ ನನಗೆ ಗೊತ್ತೇ ಇಲ್ಲ. ಯಾರನ್ನ ಕೇಳಿದ್ರೂ ಸರಿಯಾಗಿ ಹೇಳಲಿಲ್ಲ."

ಅವನು ತಲೆಯೆತ್ತಿ ಅವಳನ್ನು ನೋಡಿದ. "ಬಡೇಸಾಬ," ಎಂದ. "ನ್ಯಾಮತಿ ನಮ್ಮೂರು."

ಅವಳು ಒಲೆಯ ಕಡೆ ತಿರುಗಿದಳು. "ಅತ್ತಿಗೆ, ಬಡೇಸಾಬ್ರಿಗೆ ಇನ್ನೊಂದು ರೊಟ್ಟಿ ಹಾಕ್ರಿ."

ಅವನಿಗೆ ಹೊಟ್ಟೆ ತುಂಬಿತ್ತು. ಆದರೆ ಬೇಡವೆಂದರೆ ಎದ್ದು ಕೈ ತೊಳೆಯಬೇಕು, ಕೈ ತೊಳೆದರೆ ಹೊರಡಬೇಕು. ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದ. ಆ ರೊಟ್ಟಿಯನ್ನು ಬಡೇಸಾಬ, ಸಣ್ಣ ಸಣ್ಣ ಚೂರು ಮುರಿಯುತ್ತಾ, ಬಸ್ಸಿನ ಹಾರನ್ನು ಎರಡನೇ ಸಲ ಕೇಳುವ ತನಕ ಉಂಡ.